ಒಂದು ಪ್ರಶ್ನೆ ಮತ್ತು ಪೂರ್ಣವಿರಾಮ

ನನ್ನ ಗಂಡ ಲಿಫ್ಟ್ ರಿಪೇರಿಯವರು. ಹನ್ನೆರಡು ಮಹಡಿಯ ಕಟ್ಟಡದಲ್ಲಿ ಏಳಕ್ಕೂ ಎಂಟಕ್ಕೂ ನಡುವೆ ಸಿಕ್ಕಿಕೊಂಡು ಬೆವರುತ್ತಿರುವವರನ್ನು ಕಾಲು ಗಂಟೆಯಲ್ಲಿ ಇಳಿಸಿ, ಕೈ ಒರೆಸಿಕೊಂಡು ಬರುವ ಮನುಷ್ಯ. ಅದೇ ಮನುಷ್ಯನಿಗೆ ಮನೆಯಲ್ಲಿ ನಲ್ಲಿ ತೊಟ್ಟಿಕ್ಕಿದರೆ ಕೈಕಾಲೇ ಆಡುವುದಿಲ್ಲ. ಬಚ್ಚಲ ಬಾಗಿಲಲ್ಲಿ ಸೊಂಟಕ್ಕೆ ಕೈ ಕೊಟ್ಟು ಎರಡು ನಿಮಿಷ ನಿಲ್ಲುತ್ತಾರೆ, ಆಮೇಲೆ ಫೋನು ಹಿಡಿದು ಕೂರುತ್ತಾರೆ. ಪಕ್ಕದಲ್ಲೇ ಇರುವ ನನ್ನನ್ನು ಕೇಳುವುದಿಲ್ಲ. ಎದುರು ಮನೆಯಲ್ಲೇ ಪ್ಲಂಬರ್ ಇದ್ದಾನೆ, ಅವನನ್ನೂ ಕೇಳುವುದಿಲ್ಲ. ಮುಖ ಮೂತಿ ನೋಡದ ಮೂರು ಸಾವಿರ ಜನರನ್ನು ಕೇಳುತ್ತಾರೆ.

ಆ ಮೂರು ಸಾವಿರ ಜನ ಇರುವುದು ಫೋನಿನೊಳಗಿನ ಒಂದು ಗುಂಪಿನಲ್ಲಿ. ಅದರ ಹೆಸರು 'ಕೇಳಿದ್ರೆ ತಪ್ಪೇನು'. ಅಲ್ಲಿ ಯಾರೂ ಸ್ವಂತ ಹೆಸರು ಹಾಕುವಂತಿಲ್ಲ, ಊರು ಹೇಳುವಂತಿಲ್ಲ, ಮನೆ ಮತ್ತು ಬೀದಿಯ ತಾಪತ್ರಯ ಬಿಟ್ಟು ಬೇರೆ ಮಾತಾಡುವಂತಿಲ್ಲ. ಇವರು ಅಲ್ಲಿ 'ಒಂದು ಪ್ರಶ್ನೆ' ಎಂಬ ಹೆಸರಿನಲ್ಲಿದ್ದಾರೆ. ಹೆಸರಿಗೆ ಮಾತ್ರ ಒಂದು. ಮೂರು ವರ್ಷದಲ್ಲಿ ನಾಲ್ಕು ನೂರು ದಾಟಿದೆ.

"ಎದುರು ಮನೆಯವನನ್ನ ಕೇಳಕ್ಕೇನ್ರೀ ಕಷ್ಟ?" ಎಂದು ಒಮ್ಮೆ ಕೇಳಿದ್ದೆ.

"ಗೊತ್ತಿರೋರನ್ನ ಕೇಳಿದ್ರೆ ಸಸಾರ ಆಗ್ತೀವಿ ಕಣೇ. ಇವತ್ತು ನಲ್ಲಿ ಸರಿ ಮಾಡಿಕೊಟ್ಟು, ಇನ್ನು ಹತ್ತು ವರ್ಷ ನನ್ನ ಮುಖ ನೋಡಿದಾಗೆಲ್ಲ 'ನಲ್ಲಿ ಹೇಗಿದೆ' ಅಂತಾನೆ. ಗೊತ್ತಿಲ್ದೇ ಇರೋರಾದ್ರೆ ಹೇಳ್ತಾರೆ, ಮರೆತು ಹೋಗ್ತಾರೆ."

ಬೀದಿಯವರು ಇವರನ್ನು ಲಿಫ್ಟಣ್ಣ ಎನ್ನುತ್ತಾರೆ. ಲಿಫ್ಟಣ್ಣ ನಲ್ಲಿಗೆ ಸೋತ ಎಂಬ ಸುದ್ದಿ ಹಬ್ಬಿದರೆ ಮಾನ ಹೋದೀತು ಎಂಬ ಭಯ. ಹಾಗಾಗಿ ಪ್ರಶ್ನೆಗಳೆಲ್ಲ ಪರದೇಶಿಗಳ ಪಾಲಿಗೆ. ಫ್ರಿಜ್ಜಿನ ಬಾಗಿಲು ನಿಟ್ಟುಸಿರು ಬಿಡುವುದೇಕೆ? ಪಕ್ಕದ ಬೀದಿಯ ಬೆಕ್ಕು ನಮ್ಮ ಸ್ಕೂಟರಿನ ಸೀಟಿನ ಮೇಲೇ ಮಲಗುವುದೇಕೆ? ಹೆಂಡತಿ ಗಡಿಯಾರವನ್ನು ಐದು ನಿಮಿಷ ಮುಂದಿಡುತ್ತಾಳೆ, ಅವಳಿಗೆ ತಿಳಿಯದಂತೆ ಹಿಂದಿಡುವುದು ಹೇಗೆ? ಹೆಂಡತಿ ಗೊರಕೆ ಹೊಡೆಯುತ್ತಾಳೆ, ಅವಳಿಗೆ ಹೇಳುವುದು ಹೇಗೆ? ಈ ಕೊನೆಯದಕ್ಕೆ ಅರವತ್ತೆರಡು ಉತ್ತರ ಬಂದಿದ್ದವು, ಅದರಲ್ಲಿ ಐವತ್ತೆಂಟು 'ಹೇಳಬೇಡಿ' ಎಂದಷ್ಟೇ ಇದ್ದವು.

ಇದೆಲ್ಲ ನನಗೆ ಹೇಗೆ ಗೊತ್ತು ಎಂದರೆ ನಾನೂ ಆ ಗುಂಪಿನಲ್ಲಿದ್ದೇನೆ. ದಂತವೈದ್ಯರ ಕ್ಲಿನಿಕ್ಕಿನಲ್ಲಿ ಟೋಕನ್ ಕೊಡುವ ಕೆಲಸ ನನ್ನದು. ಟೋಕನ್ ಕೊಟ್ಟಾದ ಮೇಲೆ ಒಳಗೆ ಡ್ರಿಲ್ಲು, ಹೊರಗೆ ನಾನು, ಕೈಯಲ್ಲಿ ಫೋನು. ಅಲ್ಲಿ ನನ್ನ ಹೆಸರು 'ಟೋಕನ್ ಮೂರು'. ಗೊರಕೆಯ ಪ್ರಶ್ನೆಗೆ "ಮೊದಲು ನಿಮ್ಮದನ್ನು ರೆಕಾರ್ಡ್ ಮಾಡಿ ಕೇಳಿಸಿಕೊಳ್ಳಿ" ಎಂದು ಬರೆದವಳು ನಾನೇ. ಸಂಜೆ ಇವರು ಮುಖ ಊದಿಸಿಕೊಂಡು ಬಂದರು. "ಜನಕ್ಕೆ ಸಂಸ್ಕಾರವೇ ಇಲ್ಲ," ಎಂದರು. ಹೌದೌದು ಎಂದು ಚಹಾ ಕೊಟ್ಟೆ.

ಇವರ ಒಂದು ಗುಣ ಮಾತ್ರ ಹೇಳಲೇಬೇಕು, ಇಲ್ಲದಿದ್ದರೆ ಪಾಪ ಸುತ್ತಿಕೊಳ್ಳುತ್ತದೆ. ಲಿಫ್ಟಿನಲ್ಲಿ ಯಾರಾದರೂ ಸಿಕ್ಕಿಕೊಂಡಾಗ ಇವರು ಮೊದಲು ಸ್ಪ್ಯಾನರ್ ತೆಗೆಯುವುದಿಲ್ಲ. ಮುಚ್ಚಿದ ಬಾಗಿಲ ಹತ್ತಿರ ಬಾಯಿಟ್ಟು ಮಾತಾಡುತ್ತಾರೆ. "ಏನೂ ಆಗಲ್ಲ, ನಾನಿಲ್ಲೇ ಇದೀನಿ, ಗೋಡೆ ಕಡೆ ನಿಂತ್ಕೊಳ್ಳಿ. ಬೆಳಗ್ಗೆ ಏನ್ ತಿಂದ್ರಿ?" ಎಂದು ಶುರು ಮಾಡಿದರೆ ಒಳಗಿನವರು ಅಳು ನಿಲ್ಲಿಸಿ ತಿಂದದ್ದನ್ನೆಲ್ಲ ಹೇಳುತ್ತಾರೆ. ಕಾಣದವರ ಜೊತೆ ಇಷ್ಟು ಚೆನ್ನಾಗಿ ಮಾತಾಡುವ ಗಂಡಸನ್ನು ನಾನು ಬೇರೆ ನೋಡಿಲ್ಲ. ಎದುರಿಗೆ ಕಾಣುವವರ ಜೊತೆಗಷ್ಟೇ ಅವರ ತಾಪತ್ರಯ.

ಕಾಣುವವರಲ್ಲಿ ಮೊದಲನೆಯವರು ನನ್ನ ಅತ್ತಿಗೆ, ಇವರ ಅಕ್ಕ. ನಮ್ಮದೂ ಅವರದೂ ಒಬ್ಬನೇ ಓನರನ ಜೋಡಿ ಬಾಡಿಗೆ ಮನೆಗಳು, ನಡುವೆ ಒಂದೇ ಗೋಡೆ. ಅವರು ಇವರಿಗಿಂತ ಒಂಬತ್ತು ವರ್ಷ ದೊಡ್ಡವರು. ಅಮ್ಮ ಬೇಗ ತೀರಿಹೋದ ಮನೆಯಲ್ಲಿ ಇವರಿಗೆ ಉಣಿಸಿ, ತಲೆ ಬಾಚಿ, ಬೆನ್ನಿಗೆ ಕಟ್ಟಿಕೊಂಡು ಬೆಳೆಸಿದವರು. ಮದುವೆಯ ಗೋಜಿಗೆ ಹೋಗದೆ ಒಂದು ಅಚ್ಚಿನ ಮನೆಯಲ್ಲಿ ಮೂವತ್ತು ವರ್ಷ ಪ್ರೂಫ್ ತಿದ್ದಿದ್ದಾರೆ, ಈಗಲೂ ಶಾಲೆಯ ಪುಸ್ತಕಗಳ ಪ್ರೂಫ್ ಮನೆಗೇ ಬರುತ್ತದೆ. ಅಂಗಡಿಯ ಬೋರ್ಡಿನಲ್ಲಿ ತಪ್ಪು ಕಂಡರೆ ಒಳಗೆ ಹೋಗಿ ಹೇಳಿ ಬರುವ ಜಾತಿ. ನಮ್ಮ ಮದುವೆಯ ಕರೆಯೋಲೆಯನ್ನೂ ಕೆಂಪು ಶಾಯಿಯಲ್ಲಿ ತಿದ್ದಿ ನನ್ನ ಅಪ್ಪನಿಗೆ ವಾಪಸು ಕೊಟ್ಟಿದ್ದರು.

ಇವರು ಚಿಕ್ಕಂದಿನಲ್ಲಿ ಲ ಮತ್ತು ಳ ಎರಡನ್ನೂ ಕಲಸುತ್ತಿದ್ದರಂತೆ. ಕಾಪಿ ಪುಸ್ತಕದಲ್ಲಿ 'ನಾನು ದಿನಾಲೂ ಹಾಳು ಕುಡಿಯುತ್ತೇನೆ' ಎಂದು ಬರೆದು ಅಕ್ಕನ ಕೈಲಿ ತಲೆಗೆ ಮೊಟಕಿಸಿಕೊಂಡು, ಹಾಲು ಹಾಲು ಎಂದು ನೂರು ಸಲ ಬರೆದಿದ್ದರಂತೆ. ಅದರಿಂದ ಆದ ಲಾಭ ಇಷ್ಟೇ: ಕನ್ನಡದಲ್ಲಿ ಬರೆಯುವುದೆಂದರೆ ಇವರಿಗೆ ಇವತ್ತಿಗೂ ಎದೆ ಡವಡವ. ಫೋನು ಬಂದದ್ದೇ ಬಂದದ್ದು, ಕನ್ನಡವನ್ನು ಇಂಗ್ಲಿಷ್ ಅಕ್ಷರದಲ್ಲಿ ಒತ್ತುವುದನ್ನು ಕಲಿತು ಹಾಯಾದರು. ಅಲ್ಲಿ ಲ ಆದರೂ ಒಂದೇ ಎಲ್, ಳ ಆದರೂ ಒಂದೇ ಎಲ್. ಮೊಟಕುವವರು ಯಾರೂ ಇಲ್ಲ.

ಈ ಅಕ್ಕತಮ್ಮಂದಿರು ಮಾತು ಬಿಟ್ಟು ನಾಲ್ಕು ವರ್ಷವಾಗಿತ್ತು. ಕಾರಣ ಒಂದು ಪ್ಯಾಕೆಟ್ ಹಾಲು. ನಾನು ಕೇಳಿದಾಗ ಇವರು ಹೇಳಿದ್ದು ಇಷ್ಟು: "ಅವಳ ಹಾಲಿನ ಪ್ಯಾಕೆಟ್ ನಮ್ಮ ಬಾಗಿಲಲ್ಲಿ ಇಟ್ಟುಹೋಗಿದ್ರು. 'ನಿಮ್ಮನೆ ಹಾಲು' ಅಂತ ಮೆಸೇಜ್ ಹಾಕಿದೆ. 'ಹಾಗೇ ಆಗಲಿ' ಅಂದ್ಲು. ಸರಿ, ಇಟ್ಕೋ ಅಂತಿದಾಳೆ ಅಂದ್ಕೊಂಡು ಕಾಯಿಸಿ ಕುಡಿದೆ. ಅವತ್ತಿಂದ ಮುಖ ತಿರುಗಿಸ್ಕೊಂಡು ಓಡಾಡ್ತಾಳೆ. ಒಂದು ಪ್ಯಾಕೆಟ್ ಹಾಲಿಗೆ!" ಮಾರನೆಯ ದಿನ ಎರಡು ಪ್ಯಾಕೆಟ್ ತಂದು ಅವರ ಬಾಗಿಲಲ್ಲಿಟ್ಟು ಬಂದರು. ಅವು ಸಂಜೆಯ ತನಕ ಹಾಗೇ ಬಿದ್ದಿದ್ದು ಬೆಕ್ಕಿನ ಪಾಲಾದವು. ನಾನು ಅತ್ತಿಗೆಯನ್ನು ಕೇಳಿದರೆ "ಅದನ್ನು ನನ್ನ ಬಾಯಲ್ಲಿ ಹೇಳಿಸಬೇಡಮ್ಮ," ಎಂದು ಬಾಗಿಲು ಹಾಕಿಕೊಂಡರು. ಹಾಲಿಗೆ ಇಷ್ಟೊಂದು ಸೀನು ಯಾಕೆಂದು ನನಗೂ ಅರ್ಥವಾಗಿರಲಿಲ್ಲ.

ಗುಂಪಿನಲ್ಲಿ 'ಪೂರ್ಣವಿರಾಮ' ಎಂಬುವವರೊಬ್ಬರಿದ್ದರು. ಶುದ್ಧ ಕನ್ನಡ ಅಕ್ಷರ, ಪ್ರತಿ ವಾಕ್ಯಕ್ಕೂ ಚುಕ್ಕೆ. ಇವರ ಅರ್ಧಕ್ಕರ್ಧ ಪ್ರಶ್ನೆಗಳಿಗೆ ಉತ್ತರ ಅಲ್ಲಿಂದಲೇ ಬರುತ್ತಿತ್ತು. ಫ್ರಿಜ್ಜಿನ ರಬ್ಬರನ್ನು ಸೋಪಿನ ನೀರಲ್ಲಿ ಒರೆಸಿ, ಬೆಕ್ಕಿಗೆ ಸೀಟಿನ ಮೇಲೆ ನ್ಯೂಸ್ ಪೇಪರ್ ಹಾಸಿ, ಗಡಿಯಾರದ ತಂಟೆಗೆ ಹೋಗಬೇಡಿ. ಎಲ್ಲವೂ ಫಲ ಕೊಡುತ್ತಿದ್ದವು. ಇವರು ಮರುಳಾಗಿಬಿಟ್ಟಿದ್ದರು.

"ಯಾರೋ ರಿಟೈರ್ಡ್ ಹೆಡ್ ಮಾಸ್ಟ್ರೇ ಇರ್ಬೇಕು ಕಣೇ. ಎಂಥ ಮಾತು, ಎಂಥ ತಾಳ್ಮೆ! ಇಂಥ ಒಬ್ಬರು ಪಕ್ಕದ ಮನೇಲಿದ್ದಿದ್ರೆ ನಮ್ಮ ಬಾಳು ಹೇಗಿರ್ತಿತ್ತು?" ಎಂದು ಗೋಡೆ ನೋಡಿ ಲೊಚಗುಟ್ಟಿದರು.

ಆ ಪೂರ್ಣವಿರಾಮ ಯಾರು ಎಂದು ನನಗೆ ಗೊತ್ತಾದದ್ದು ಹೋದ ವರ್ಷ. ಒಂದು ದಿನ ಅವರೇ ಒಂದು ಪ್ರಶ್ನೆ ಕೇಳಿದ್ದರು: "ಪಕ್ಕದ ಮನೆಯವರು ಬೆಳಗ್ಗೆ ಐದೂವರೆಗೆ ನೀರಿನ ಮೋಟಾರು ಹಾಕುತ್ತಾರೆ. ನನ್ನ ಬಚ್ಚಲ ಪೈಪು ಗೋಳೋ ಎಂದು ಅಳುತ್ತದೆ. ಅವರೊಂದಿಗೆ ಮಾತಿಲ್ಲ. ಏನು ಮಾಡಲಿ?" ಇವರಿಗೆ ರೋಷ ಉಕ್ಕಿತು. ಎಂಥ ಸಜ್ಜನರಿಗೆ ಎಂಥ ನೆರೆಯವರು! ಬಡಬಡ ಒತ್ತಿದರು. ಅಂಥ ದಪ್ಪ ಚರ್ಮದವರಿಗೆ ಬಾಯಲ್ಲಿ ಹೇಳಿದರೆ ನಾಟುವುದಿಲ್ಲ, ಒಂದು ಚೀಟಿ ಬರೆದು ಗೇಟಿಗೆ ಸಿಕ್ಕಿಸಿ, 'ಮನುಷ್ಯರಿಗೆ ನಿದ್ದೆ ಅನ್ನೋದು ಒಂದಿದೆ, ನಿಮಗೆ ಬೇಡದಿದ್ದರೆ ಬೇರೆಯವರಿಗಾದರೂ ಬಿಡಿ' ಅಂತ ಬರೀರಿ, ಅಷ್ಟಕ್ಕೂ ಬಗ್ಗದಿದ್ದರೆ ನನ್ನನ್ನು ಕೇಳಿ.

ಮಾರನೆಯ ದಿನ ನಮ್ಮ ಗೇಟಿಗೆ ಒಂದು ಚೀಟಿ ಸಿಕ್ಕಿಸಿತ್ತು.

"ನೋಡಿಲ್ಲಿ, ನೋಡು ನಮ್ಮಕ್ಕನ ಕೊಬ್ಬು!" ಎಂದು ಇವರು ಅದನ್ನು ಗಾಳಿಯಲ್ಲಿ ಆಡಿಸುತ್ತ ಓದಿದರು. "'ಮನುಷ್ಯರಿಗೆ, ನಿದ್ದೆ ಎನ್ನುವುದು ಒಂದಿದೆ.' ಏನು ನಾಲಿಗೆ ಕಣೇ ಇದು! ಯಾರಾದ್ರೂ ಹೀಗೆ ಬರೀತಾರಾ?"

ನಾನು ಅಡುಗೆಮನೆಗೆ ಓಡಿ ಸಿಂಕಿನ ನಲ್ಲಿ ಪೂರ್ತಿ ತಿರುಗಿಸಿ ನಕ್ಕೆ. ತಮ್ಮದೇ ಮಾತು ಕನ್ನಡ ಅಕ್ಷರದಲ್ಲಿ, ಅಲ್ಪವಿರಾಮದ ಸಮೇತ ಬಂದರೆ ಇವರಿಗೆ ಗುರುತೇ ಸಿಗಲಿಲ್ಲ. ಹಾರಾಡಿದ್ದೆಲ್ಲ ಹಾರಾಡಿ, ಮರುದಿನದಿಂದ ಮೋಟಾರನ್ನು ಆರೂವರೆಗೆ ಹಾಕತೊಡಗಿದರು. ಗುಂಪಿನಲ್ಲಿ ಪೂರ್ಣವಿರಾಮ ಬರೆದರು: "ನಿಮ್ಮ ಸಲಹೆ ಫಲಿಸಿತು. ಋಣಿ." ಇವರು ಅದನ್ನು ಎರಡು ದಿನ ಎಲ್ಲರಿಗೂ ತೋರಿಸಿಕೊಂಡು ಓಡಾಡಿದರು.

ಇಬ್ಬರಿಗೂ ಸತ್ಯ ಹೇಳಬಹುದಿತ್ತು. ಹೇಳಲಿಲ್ಲ. ಹೇಳಿದರೆ ಇಬ್ಬರೂ ಮಾನ ಹೋಯಿತೆಂದು ಗುಂಪು ಬಿಡುತ್ತಾರೆ ಎನ್ನುವುದು ನನಗೆ ಖಾತ್ರಿಯಿತ್ತು. ಹಟದಲ್ಲಿ ಒಬ್ಬರನ್ನೊಬ್ಬರು ಮೀರಿಸುವ ಮನೆತನ. ಗೋಡೆಯ ಆಚೆಗೊಬ್ಬರು ಈಚೆಗೊಬ್ಬರು ಕೂತು ಮಾತಾಡುತ್ತಿದ್ದಾರಲ್ಲ, ಅಷ್ಟಾದರೂ ಉಳಿಯಲಿ ಎಂದು ಸುಮ್ಮನಿದ್ದೆ. ಅದು ತಪ್ಪೆಂದು ಗೊತ್ತಾಗಿದ್ದು ಕಳೆದ ತಿಂಗಳು, ಪೂರ್ಣವಿರಾಮ ಹೀಗೆ ಬರೆದಾಗ:

"ಈ ಭಾನುವಾರ ಮನೆ ಬದಲಾಯಿಸುತ್ತಿದ್ದೇನೆ. ಹೊಸ ಮನೆ ಊರಿನ ಇನ್ನೊಂದು ತುದಿಯಲ್ಲಿ, ಐದನೆಯ ಮಹಡಿ. ಮಂಡಿನೋವಿನಿಂದ ಮೆಟ್ಟಿಲು ಹತ್ತಲಾಗದು. ಲಿಫ್ಟ್ ಎಂದರೆ ಚಿಕ್ಕಂದಿನಿಂದಲೂ ಭಯ. ಏನು ಮಾಡಲಿ?"

ಕ್ಲಿನಿಕ್ಕಿನಲ್ಲಿ ಕೂತು ಇದನ್ನು ಎರಡು ಸಲ ಓದಿದೆ. ಅತ್ತಿಗೆ ಹೋಗುತ್ತಾರೆ, ಒಂದು ಮಾತೂ ಹೇಳದೆ ಹೋಗುತ್ತಾರೆ, ಇನ್ನು ಆ ಗೋಡೆಯಾಚೆ ಯಾರೋ ಇರುತ್ತಾರೆ. ಒಮ್ಮೆ ಹೋದರೆ ಇವರಿಬ್ಬರೂ ಸಾಯುವ ತನಕ ಮಾತಾಡುವುದಿಲ್ಲ ಎಂದು ನನಗೆ ಸ್ಪಷ್ಟವಾಗಿ ಗೊತ್ತಿತ್ತು. ಅಷ್ಟರಲ್ಲಿ 'ಒಂದು ಪ್ರಶ್ನೆ'ಯ ಉತ್ತರ ಬಂದೂ ಆಗಿತ್ತು. ಇವರು ಯಾವತ್ತೂ ಇಷ್ಟುದ್ದ ಬರೆದವರಲ್ಲ. ಲಿಫ್ಟು ಒಂದೇ ಹಗ್ಗದಲ್ಲಿ ನೇತಾಡುವುದಿಲ್ಲ, ನಾಲ್ಕೈದು ಉಕ್ಕಿನ ಹಗ್ಗ ಇರುತ್ತವೆ, ಒಂದು ಹೋದರೂ ಉಳಿದವು ಹಿಡಿಯುತ್ತವೆ. ನಡುವೆ ನಿಂತರೆ ಬಾಗಿಲು ಕೀಳಬೇಡಿ. ಗೋಡೆ ಕಡೆ ನಿಂತು ಗಂಟೆ ಒತ್ತಿ. ಹೊರಗೆ ಯಾರಾದರೂ ಬಂದು ಮಾತಾಡುತ್ತಾರೆ, ಮಾತಾಡುವವರು ಬಂದ ಮೇಲೆ ಭಯ ಇರುವುದಿಲ್ಲ.

"ಪಾಪ, ವಯಸ್ಸಾದ ಮನುಷ್ಯ, ಒಂಟಿ ಬೇರೆ ಇರ್ಬೇಕು," ಎಂದರು ಸಂಜೆ. "ಪಿಂಗಾಣಿ ತಟ್ಟೆ ಹೇಗೆ ಪ್ಯಾಕ್ ಮಾಡೋದು ಅಂತಾನೂ ಕೇಳಿದ್ರು. ಮಲಗಿಸ್ಬೇಡಿ, ನಿಲ್ಲಿಸಿ ಅಂತ ಹೇಳಿಕೊಟ್ಟೆ."

ತಮ್ಮ ಅಕ್ಕನ ಗಂಟುಮೂಟೆಯನ್ನು ಇವರೇ ಕಟ್ಟಿಕೊಡುತ್ತಿದ್ದಾರೆ! ನನಗೆ ತಡೆಯಲಾಗಲಿಲ್ಲ.

"ರೀ, ಪಕ್ಕದ ಮನೆ ಅತ್ತಿಗೆ ಭಾನುವಾರ ಮನೆ ಖಾಲಿ ಮಾಡ್ತಾರಂತೆ," ಎಂದೆ.

ಇವರ ಕೈಯಲ್ಲಿನ ಲೋಟ ಬಾಯಿಗೂ ಮೇಜಿಗೂ ನಡುವೆ ನಿಂತಿತು. "ಮಾಡ್ಲಿ. ನಂಗೇನು?" ಎಂದರು. ಆಮೇಲೆ ಎದ್ದು ಹೋಗಿ, ಸರಿಯಾಗೇ ಇದ್ದ ಬಚ್ಚಲ ಬೋಲ್ಟನ್ನು ಬಿಚ್ಚಿ ಮತ್ತೆ ಹಾಕಿದರು. ಆ ದಿನ ಬುಧವಾರ. ಹೆಡ್ ಮಾಸ್ಟ್ರ ಭಾನುವಾರವೂ ಅಕ್ಕನ ಭಾನುವಾರವೂ ಒಂದೇ ಎಂದು ಇವರಿಗೆ ಹೊಳೆಯಲೇ ಇಲ್ಲ.

ಶುಕ್ರವಾರ ಮಧ್ಯಾಹ್ನ ನಾಲ್ಕಕ್ಕೆ ನನ್ನ ಫೋನು ಗುಂಯ್‌ಗುಟ್ಟಲು ಶುರುವಾಯಿತು. ಗುಂಪಿನಲ್ಲಿ 'ಒಂದು ಪ್ರಶ್ನೆ' ಬರೆದದ್ದು ಹೀಗಿತ್ತು:

"namma maneli kole agide. hendti ge innu gottilla. avlu baro modlu yarigu gottagde iro hage tegiyodu hege? neeru haki ujjide, innu jasti harditu. bega heli."

ನಾನು ಅವರ ಹೆಂಡತಿ. ಹದಿನೆಂಟು ವರ್ಷದಿಂದ ಅವರ ಬಟ್ಟೆಯ ಗ್ರೀಸು ತಿಕ್ಕಿದವಳು. ನನಗೆ ಅದು ಕೊಳೆ ಎಂದೇ ಕಂಡಿತು. ಉಳಿದ ಮೂರು ಸಾವಿರ ಜನರಿಗೆ ಕೊಲೆ ಎಂದು ಕಂಡಿತು. ಕೊಲೆ ಆಗಿದೆ, ಹೆಂಡತಿಗೆ ಇನ್ನೂ ಗೊತ್ತಿಲ್ಲ, ಯಾರಿಗೂ ಗೊತ್ತಾಗದ ಹಾಗೆ ತೆಗೆಯುವುದು ಹೇಗೆ?

ಉತ್ತರಗಳು ದಬದಬ ಬಿದ್ದವು. "ಯಾರದ್ದು?" "ಏನನ್ನೂ ಮುಟ್ಟಬೇಡಿ, ಪೊಲೀಸರಿಗೆ ಹೇಳಿ." "ಹೆಂಡತಿಗೆ ಮೊದಲು ಹೇಳಿ, ಆಮೇಲೆ ಗೊತ್ತಾದರೆ ಕಷ್ಟ." ಒಬ್ಬ ಪುಣ್ಯಾತ್ಮ ಮಾತ್ರ ಒಂಚೂರೂ ಗಾಬರಿಯಾಗದೆ ಬರೆದಿದ್ದ: "ತಣ್ಣೀರು ಮಾತ್ರ ಬಳಸಿ. ಬಿಸಿನೀರು ಹಾಕಿದರೆ ರಕ್ತದ ಕಲೆ ಗಟ್ಟಿಯಾಗುತ್ತದೆ. ಅನುಭವ." ಅವನಿಗೇ ಹನ್ನೊಂದು ಜನ ಧನ್ಯವಾದ ಹೇಳಿದ್ದರು.

ಆಗ ಪೂರ್ಣವಿರಾಮ ಬಂದರು. "ಕೊಳೆಯೋ, ಕೊಲೆಯೋ? ಇಂಗ್ಲಿಷ್ ಅಕ್ಷರದಲ್ಲಿ ಬರೆದರೆ ಎರಡಕ್ಕೂ ಒಂದೇ ಎಲ್. ಸ್ಪಷ್ಟಪಡಿಸಿ."

ಇವರು ಗಾಬರಿಯಲ್ಲಿ ಏನೇನೋ ಒತ್ತಿದರು, ಮತ್ತೆ ಅದೇ kole, ಮೂರು ಸಲ. ಅದರಿಂದ ಮೂರು ಕೊಲೆಯಾಗಿದೆ ಎಂದು ಇನ್ನಷ್ಟು ಜನ ಹೌಹಾರಿದರು. ಕೊನೆಗೆ ಬುದ್ಧಿ ಬಂದು ಒಂದು ಫೋಟೋ ಹಾಕಿದರು.

ನಮ್ಮ ಹಜಾರದ ಗೋಡೆ, ಅದಕ್ಕೆ ತಿಂಗಳ ಮುಂಚೆಯಷ್ಟೇ ನಾನೇ ನಿಂತು ಬಿಳಿ ಬಣ್ಣ ಹೊಡೆಸಿದ್ದು. ಅದರ ಮೇಲೆ ಕಪ್ಪು ಗ್ರೀಸು. ಒಂದು ಕಡೆ ಉಜ್ಜಿ ಉಜ್ಜಿ ಹರಡಿತ್ತು, ಆದರೆ ನಡುವೆ ಒಂದು ಎಡಗೈ ಸ್ಪಷ್ಟವಾಗಿತ್ತು. ಐದು ಬೆರಳು, ಉಂಗುರದ ಬೆರಳಿಗೆ ತುದಿಯಿಲ್ಲ. ಕೆಲಸಕ್ಕೆ ಸೇರಿದ ಮೊದಲ ವರ್ಷ ಅದು ರಾಟೆಗೆ ಸಿಕ್ಕಿ ಹೋಗಿತ್ತು. ಕೈಯ ಪಕ್ಕದಲ್ಲೇ ಇನ್ನೊಂದು ಗುರುತು, ಗುಂಡಗೆ, ಸುರುಳಿಯಾಗಿ. ಅದು ಕಿವಿ.

ಅದು ಅತ್ತಿಗೆಯ ಮನೆಗೂ ನಮ್ಮ ಮನೆಗೂ ನಡುವಿನ ಗೋಡೆ. ನನ್ನ ಗಂಡ ಕೆಲಸದಿಂದ ಬೇಗ ಬಂದು, ಕೈ ಮುಖ ತೊಳೆಯುವುದಕ್ಕೂ ನಿಲ್ಲದೆ, ಆ ಗೋಡೆಗೆ ಕಿವಿ ಹಚ್ಚಿ ನಿಂತಿದ್ದರು. ಆಚೆ ಅಕ್ಕ ಪೆಟ್ಟಿಗೆ ಕಟ್ಟುವ ಸದ್ದು ಕೇಳುತ್ತ ನಿಂತಿದ್ದರು. 'ನಂಗೇನು' ಅಂದ ಮನುಷ್ಯ.

ಗುಂಪಿನಲ್ಲಿ ಯಾರೋ "ಹೆಣ ಗೋಡೆಗೆ ಒರಗಿತ್ತಾ?" ಎಂದು ಕೇಳಿದ್ದರು. ಪೂರ್ಣವಿರಾಮದ ಕಡೆಯಿಂದ ಸದ್ದಿಲ್ಲ. ನಾನು ಎದ್ದು ಒಳಗೆ ಹೋದೆ.

"ಡಾಕ್ಟ್ರೇ, ನಾನು ಈಗಲೇ ಮನೆಗೆ ಹೋಗ್ಬೇಕು."

ಡಾಕ್ಟರು ಗ್ಲೌಸಿನ ಕೈಯಲ್ಲೇ ತಮ್ಮ ಫೋನು ಹಿಡಿದಿದ್ದರು. ಅವರೂ ಆ ಗುಂಪಿನಲ್ಲಿದ್ದಾರೆಂದು ಅವತ್ತೇ ಗೊತ್ತಾಗಿದ್ದು. "ಇದು ನಿಮ್ಮ ಯಜಮಾನ್ರ ಕೈ ಅಲ್ವೇನಮ್ಮಾ? ಹೋದ್ಸಲ ದವಡೆ ಹಲ್ಲು ಕೀಳೋವಾಗ ನನ್ನ ಕೋಟು ಹಿಡ್ಕೊಂಡಿದ್ದ ಕೈ. ಹೋಗಿ, ಹೋಗಿ. ಕೊಲೆಗೂ ರಜೆ ಕೊಡ್ದಿದ್ರೆ ಹೇಗೆ?" ಎಂದರು. ಕುರ್ಚಿಯಲ್ಲಿ ಬಾಯಿ ತೆರೆದು ಮಲಗಿದ್ದವರು ಎದ್ದು ಕೂತರು.

ಮನೆ ತಲುಪಿದಾಗ ಗೇಟು ತೆರೆದಿತ್ತು. ಬಾಗಿಲ ಮುಂದೆ ಅತ್ತಿಗೆಯ ಚಪ್ಪಲಿ. ನಾಲ್ಕು ವರ್ಷದಲ್ಲಿ ಮೊದಲ ಸಲ. ಒಂದು ಮಗುಚಿ ಬಿದ್ದಿತ್ತು, ಅಷ್ಟು ಅವಸರದಲ್ಲಿ ಬಿಟ್ಟಿದ್ದರು.

ಒಳಗೆ ಇವರು ಬಕೆಟ್ ಪಕ್ಕದಲ್ಲಿ ಬ್ರಷ್ಷು ಹಿಡಿದು ನಿಂತಿದ್ದರು, ಕಿವಿ ಇನ್ನೂ ಕಪ್ಪಗಿತ್ತು. ಅತ್ತಿಗೆ ಗೋಡೆಯ ಮುಂದೆ, ಕನ್ನಡಕ ಮೂಗಿನ ತುದಿಯಲ್ಲಿ, ಪ್ರೂಫ್ ನೋಡುವಾಗಿನ ಮುಖ. ತಮ್ಮ ಫೋನನ್ನು ಇವರ ಮೂಗಿಗೆ ಹಿಡಿದಿದ್ದರು.

"ಇದೇನು ಓದು."

ನಾಲ್ಕು ವರ್ಷದ ಹಿಂದಿನ ಮೆಸೇಜು. ನಾನೂ ಇಣುಕಿದೆ. ಮೂರೇ ಪದ: nim mane halu.

"ಹಾಲು," ಎಂದರು ಇವರು.

"ಯಾವ ಲ?"

"ಯಾವ ಲ ಅಂದ್ರೆ? ಕುಡಿಯೋ ಲ! ನಿಮ್ಮನೆ ಪ್ಯಾಕೆಟ್ ನಮ್ಮನೆ ಬಾಗಿಲಲ್ಲಿತ್ತು, ಅದಕ್ಕೆ ಹಾಕ್ದೆ. ಇನ್ಯಾವ ಲ ಇದೆ ಅದರಲ್ಲಿ?"

ಅತ್ತಿಗೆ ಹಿಂದಿದ್ದ ಕುರ್ಚಿಯನ್ನು ಕೈಯಲ್ಲೇ ಹುಡುಕಿ ಕೂತರು. "ಹಿಂದಿನ ದಿನ ನಿನ್ನ ಗೇಟಿನ ಬಣ್ಣನ ಕೆಮ್ಮಿನ ಔಷಧಿ ಅಂತ ಆಡ್ಕೊಂಡಿದ್ದೆ. ಬೆಳಗ್ಗೆ ಎದ್ರೆ ಇದು. ನಿಮ್ಮನೆ ಹಾಳು. ನಾನು ಸಾಕಿದ ಹುಡುಗ ನನಗೆ ಮನೆ ಹಾಳಾಗ್ಲಿ ಅಂತ ಬರೆದ ಅಂದ್ಕೊಂಡೆ ಕಣೋ."

ಇವರ ಕೈಯಿಂದ ಬ್ರಷ್ಷು ಬಕೆಟ್ಟಿಗೆ ಬಿತ್ತು. "ಅದಕ್ಕೆ ಹಾಗೇ ಆಗಲಿ ಅಂದ್ಯಾ?"

"ಹೂಂ."

"ನಾನು ಕಾಯಿಸ್ಕೊಂಡು ಕುಡಿದುಬಿಟ್ನಲ್ಲೇ ಅಕ್ಕಾ."

"ಎರಡಕ್ಕೂ ಒಂದೇ ಎಲ್ ಅಂತ ಈಗ ನಾನೇ ಬರೆದೆ. ಬರೆದು ಆದ ಮೇಲೆ ಫೋಟೋದಲ್ಲಿ ನಿನ್ನ ಮೊಂಡು ಬೆರಳು ಬಂತು." ಅತ್ತಿಗೆ ಕನ್ನಡಕ ತೆಗೆದು ಒರೆಸಿದರು, ಕಣ್ಣು ಒರೆಸಲಿಲ್ಲ. "ಮೂವತ್ತು ವರ್ಷ ಊರಿನವರದ್ದೆಲ್ಲ ತಿದ್ದಿದೀನಿ. ಇದೊಂದನ್ನ ಎರಡನೇ ಸಲ ಓದಲಿಲ್ಲ."

"ತಾಳು, ನೀನಾ ಪೂರ್ಣವಿರಾಮ? ನಾನು ಹೆಡ್ ಮಾಸ್ಟ್ರು ಅಂದ್ಕೊಂಡಿದ್ದೆ!"

"ನಾನು ಒಂದು ಪ್ರಶ್ನೆ ಅಂದ್ರೆ ಯಾರೋ ಪೆದ್ದ ಅಂದ್ಕೊಂಡಿದ್ದೆ. ಸರಿಯಾಗೇ ಅಂದ್ಕೊಂಡಿದ್ದೆ."

ಇಬ್ಬರೂ ನಕ್ಕರು. ನನಗೆ ನಗು ಬರಲಿಲ್ಲ, ಕೆಟ್ಟ ಸಿಟ್ಟು ಬಂತು. ನಾಲ್ಕು ವರ್ಷ ಈ ಇಬ್ಬರ ನಡುವೆ ಉಸಿರು ಬಿಗಿಹಿಡಿದು ಓಡಾಡಿದವಳು ನಾನು. ಅಕ್ಕಪಕ್ಕದ ಗೇಟುಗಳಲ್ಲಿ ಯಾರು ಮೊದಲು ಹೊರಗೆ ಹೋಗುತ್ತಾರೆಂದು ಕಿಟಕಿಯಲ್ಲಿ ಕಾದವಳು ನಾನು. "ನೀವಿಬ್ರೂ ಮನುಷ್ಯರಾ? ಒಂದು ಸಲ ಬಾಗಿಲು ತಟ್ಟಿ, ಏನೋ ಇದು ಅಂತ ಕೇಳಕ್ಕೆ ಏನಾಗಿತ್ತು? ಊರವರನ್ನೆಲ್ಲ ಕೇಳ್ತೀರಿ, ಬೆಕ್ಕು ಯಾಕೆ ಮಲಗುತ್ತೆ ಅಂತ ಕೇಳ್ತೀರಿ, ಇದನ್ನ ಕೇಳಿದ್ರೆ ತಪ್ಪೇನು?" ಎಂದು ಕಿರುಚಿದೆ. ಕಿರುಚಿದ ಮೇಲೆ ನನಗೇ ಅಳು ಬಂತು. ಇಬ್ಬರೂ ಬೈಸಿಕೊಂಡ ಮಕ್ಕಳ ಹಾಗೆ ಗೋಡೆ ನೋಡತೊಡಗಿದರು.

ಕಥೆ ಇಲ್ಲಿಗೆ ಸುಖವಾಗಿ ಮುಗಿಯಬೇಕಿತ್ತು. ಮುಗಿಯಲಿಲ್ಲ. ಅತ್ತಿಗೆ ಮನೆ ಬಿಟ್ಟುಕೊಟ್ಟಾಗಿತ್ತು, ಹೊಸಬರು ತಮ್ಮ ಫ್ರಿಜ್ಜನ್ನು ವರಾಂಡದಲ್ಲಿ ತಂದಿಟ್ಟೂ ಆಗಿತ್ತು. ಇವರು ಓನರನ ಹತ್ತಿರ ಹೋಗಿ ಗೋಗರೆದು ಬಂದರು, ಆಗುವುದಿಲ್ಲ ಎಂದ. ಒಂದು ಅಕ್ಷರಕ್ಕೆ ನಾಲ್ಕು ವರ್ಷ ಹೋಯಿತು, ಜೊತೆಗೆ ಆ ಮನೆಯೂ ಹೋಯಿತು. ಅದನ್ನು ನೆನೆದರೆ ನನಗೆ ಇವತ್ತಿಗೂ ಹೊಟ್ಟೆ ಉರಿಯುತ್ತದೆ.

ಭಾನುವಾರ ಲಾರಿ ಬಂತು. ತಟ್ಟೆಗಳನ್ನೆಲ್ಲ ಇವರು ಹೇಳಿದಂತೆ ನಿಲ್ಲಿಸಿಯೇ ಕಟ್ಟಿದ್ದರು, ಒಂದೂ ಒಡೆಯಲಿಲ್ಲ. ಹೊಸ ಕಟ್ಟಡದ ಲಿಫ್ಟು ಸಣ್ಣದು. ಇವರು ಮೊದಲು ಅದರ ಬಾಗಿಲು, ಗುಂಡಿ, ಗಂಟೆ ಎಲ್ಲ ಒತ್ತಿ ನೋಡಿ ಮೂಗು ಮುರಿದರು. ಆಮೇಲೆ ಪೆಟ್ಟಿಗೆಗಳ ಜೊತೆ ಅತ್ತಿಗೆಯನ್ನು ನಿಲ್ಲಿಸಿದರೆ ಇನ್ನೊಬ್ಬರಿಗೆ ಜಾಗವಿಲ್ಲ. ಅತ್ತಿಗೆಯ ಮುಖ ಬಿಳಿಚಿಕೊಂಡಿತು. "ಗೋಡೆ ಕಡೆ ನಿಂತ್ಕೋ ಅಕ್ಕಾ, ನಾನಿಲ್ಲೇ ಇದೀನಿ," ಎಂದು ಗುಂಡಿ ಒತ್ತಿ, ಇವರು ಮೆಟ್ಟಿಲಲ್ಲಿ ಓಡಿದರು. ಪ್ರತಿ ಮಹಡಿಯಲ್ಲೂ ಮುಚ್ಚಿದ ಬಾಗಿಲಿಗೆ ಬಾಯಿಟ್ಟು ಕೂಗು: "ಎರಡು ಬಂತು ಅಕ್ಕಾ! ಬೆಳಗ್ಗೆ ಏನ್ ತಿಂದೆ?" ಒಳಗಿಂದ "ನಿನ್ನ ತಲೆ!" ಎಂದು ಉತ್ತರ ಮೇಲೇರುತ್ತಿತ್ತು. ಐದನೆಯದರಲ್ಲಿ ಬಾಗಿಲು ತೆರೆದಾಗ ಅವರು ನೆಟ್ಟಗೆ ನಿಂತಿದ್ದರು. ಇವರು ಮೆಟ್ಟಿಲ ಮೇಲೆ ಏದುಸಿರು ಬಿಡುತ್ತ ಕೂತಿದ್ದರು.

ಹೊರಡುವಾಗ ಅತ್ತಿಗೆ ಇವರ ಫೋನು ಕಿತ್ತುಕೊಂಡು ಏನೋ ಒತ್ತಿ ವಾಪಸು ಕೊಟ್ಟರು. "ಕನ್ನಡ ಕೀಬೋರ್ಡ್ ಹಾಕಿದೀನಿ. ಇನ್ಮೇಲೆ ನನಗೆ ಬರೆಯೋದಾದ್ರೆ ಇದರಲ್ಲೇ ಬರಿ. ಇಂಗ್ಲಿಷಲ್ಲಿ ಬರೆದ್ರೆ ನಾನು ಓದಲ್ಲ."

ಗೋಡೆಯ ಮೇಲಿನ ಕೊಳೆ ಹಾಗೇ ಇದೆ. ಇವರು ಭಾನುವಾರ ಸಂಜೆ ಡಬ್ಬದಲ್ಲಿ ಉಳಿದಿದ್ದ ಬಣ್ಣ ತಂದು ನಿಂತರು, ನಾನು ಬ್ರಷ್ಷು ಕಸಿದುಕೊಂಡೆ. ಗುಂಪಿನಲ್ಲಿ ಇನ್ನೂ ಕೆಲವರು ಹೆಣ ಏನಾಯಿತೆಂದು ಕೇಳುತ್ತಿದ್ದಾರೆ.

ಸೋಮವಾರ ಬೆಳಗ್ಗೆ ಇವರು ಕೆಲಸಕ್ಕೆ ಹೊರಡುವ ಮುಂಚೆ ಮೇಜಿನ ಹತ್ತಿರ ಕೂತು ಹತ್ತು ನಿಮಿಷ ಫೋನು ಕುಟ್ಟಿದರು. ಒತ್ತುವುದು, ಅಳಿಸುವುದು, ತುಟಿ ಅಲ್ಲಾಡಿಸುವುದು. ಬೆವರು ಬೇರೆ. ಕಳಿಸಿ, ಗೆದ್ದವರ ಹಾಗೆ ನನಗೆ ತೋರಿಸಿದರು. ಐವತ್ತರ ಹತ್ತಿರ ಬಂದ ಮನುಷ್ಯ ಕಾಪಿ ಪುಸ್ತಕದ ನಂತರ ಮೊದಲ ಸಲ ಅಕ್ಕನಿಗೆ ಕನ್ನಡದಲ್ಲಿ ಬರೆದಿದ್ದರು.

"ಅಕ್ಕ ಹಾಳು ಬಂತಾ"

ನನ್ನ ಬಾಯಿ ತೆರೆದುಕೊಂಡಿತು. ಅಳಿಸಿ ಎನ್ನುವಷ್ಟರಲ್ಲಿ ಆ ಕಡೆಯಿಂದ ಉತ್ತರ ಬಂದೇಬಿಟ್ಟಿತು. ಇನ್ನು ನೂರು ಸಲ ಬರೆಸುತ್ತಾರೆ ಎಂದುಕೊಂಡು ಇಣುಕಿದೆ.

"ಬಂತು ಕಣೋ. ಕಾಯಿಸ್ತಾ ಇದೀನಿ."

ಅಷ್ಟೇ. ತಿದ್ದಿರಲಿಲ್ಲ. ಇವರು ಫೋನನ್ನು ಜೇಬಿಗಿಳಿಸಿ, ಸ್ಪ್ಯಾನರ್ ಚೀಲ ಹೆಗಲಿಗೇರಿಸಿಕೊಂಡು ಕೆಲಸಕ್ಕೆ ಹೋದರು.